ಬುತ್ತಿ ಬಿಚ್ಚುವ ಹೊತ್ತು

ಅಡಿವೆವ್ವನ ಸತ್ತ ಮಗ ನಗುತ್ತಿದ್ದ ವಿಡಿಯೊ ಮಾಯವಾಗಿತ್ತು. ಗಜೇಂದ್ರಗಡದ ತೋಟಪ್ಪನ ಫೋಟೊ ಸ್ಟುಡಿಯೊದಲ್ಲಿ ಕಂಪ್ಯೂಟರ್ ಪರದೆ ಕಪ್ಪಾಗಿ ಮತ್ತೆ ಹೊತ್ತಿಕೊಂಡಾಗ, ಒಳಗೆ ಏನೂ ಉಳಿದಿರಲಿಲ್ಲ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

"ಯಂತ್ರ ಮುಟ್ಟಾಕಿ ಇಕಿ ಒಬ್ಬಾಕಿ," ತೋಟಪ್ಪ ಸ್ಟುಡಿಯೊ ಕೆಲಸದ ಶಾಂಭವಿಯತ್ತ ಬೆರಳು ಮಾಡಿದ. "ಅರ್ಧಕ್ಕ ಸಾಲಿ ಬಿಟ್ಟಾಕಿ. ಎಲ್ಲಿದ ಪೆನ್‌ಡ್ರೈವ್ ಚುಚ್ಚಿ ವೈರಸ್ ತಂದಳೋ."

ಶಾಂಭವಿ ತಲೆ ತಗ್ಗಿಸಿದಳು. ಈ ಕೆಲಸ ಹೋದರೆ ಅವಳಿಗೆ ಮನೆಯ ಗೋಡೆ ನೋಡುತ್ತ ಕೂಡುವುದೊಂದೇ ಉಳಿಯುತ್ತಿತ್ತು. ಕಂಪ್ಯೂಟರ್ ರಿಪೇರಿಯ ಜಯಂತ ಮೂಲೆಯಲ್ಲಿ ಕುಳಿತಿದ್ದ.

ರೋಣದಿಂದ ಬಂದ ಪಿಎಸ್‌ಐ ಪ್ರಣೀತಾ ಅವಳ ಎದುರು ಕುಳಿತರು. "ನೀ ಹೇಳವಾ. ಯಾವಾಗ ಆತು?"

"ಬುತ್ತಿ ಬಿಚ್ಚೂ ಹೊತ್ತಿಗ್ರಿ. ಮೊದಲೂ ಅದೇ ಹೊತ್ತಿಗೆ ಪರದೆ ನಿಲ್ತಿತ್ರಿ. ಜಯಂತಣ್ಣ ಬಂದು ಸರಿ ಮಾಡತಿದ್ರು."

"ರೊಕ್ಕ?"

"ಮುಟ್ಟೂದಿಲ್ರಿ ಅಂವಾ," ತೋಟಪ್ಪ ನಡುವೆ ಬಾಯಿ ಹಾಕಿದ. "ನಮ್ಮ ಜೋಡಿ ರೊಟ್ಟಿ ಉಣ್ತಾನ. ಉಣ್ಣೂ ಹೊತ್ತಿಗೆ ಬಂದವರಿಗೆ ಏಳು ಅನ್ನಾಕ ಬರ್ತೈತೇನ್ರಿ?"

"ಶ್ರಾವಣ ಸೋಮವಾರನೂ ಬುತ್ತಿ ತರ್ತೀರೇನು?"

"ಒಪ್ಪತ್ತು. ಬುತ್ತಿ ತರೂದಿಲ್ರಿ," ಎಂದ ಶಾಂಭವಿ ತಡೆದಳು. "ಸೋಮವಾರ ಒಮ್ಮೆನೂ ನಿಂತಿಲ್ರಿ."

ಪ್ರಣೀತಾ ಮೂಲೆಗೆ ತಿರುಗಿದರು.

"ಬಾಜೂ ಅಂಗಡಿ ಮುಮತಾಜಬೀನ ಕೇಳಿ ಬಂದೀನಿ. ಆಕಿ ಕಂಪ್ಯೂಟರ್ ಸೋಮವಾರನ ನಿಲ್ತದ. ಆಕಿಗೆ ಒಪ್ಪತ್ತಿಲ್ಲ, ಬುತ್ತಿ ಇರ್ತದ. ಎಲ್ಲೋ ದೂರ ಕುಂತು ವೈರಸ್ ಬರದವಗ ಈ ಓಣ್ಯಾಗ ಯಾರು ಯಾವತ್ತು ಉಣ್ತಾರಂತ ಹ್ಯಾಂಗ ಗೊತ್ತು? ಇದು ರೊಟ್ಟಿ ಹುಡಿಕ್ಕೊಂಡು ಬಂದ ವೈರಸ್. ಬರದಾವ ನೀನ, ಜಯಂತ."

ಜಯಂತ ಅಲ್ಲಗಳೆಯಲಿಲ್ಲ.

"ಬರೇ ನಿಲ್ಲಸಾಕ ಬರದಿದ್ನಿರಿ. ಅಳಸಾಕಲ್ಲ. ಈ ಸಲ ಎಲ್ಲೋ ತಪ್ಪಿತು." ಅವನ ದನಿ ಇಳಿಯಿತು. "ನರಗುಂದ ಬಿಟ್ಟು ಇಲ್ಲಿ ಖೋಲಿ ಹಿಡಿದ ಮ್ಯಾಲೆ, ಒಬ್ಬಾವನ ಉಣ್ತೀನ್ರಿ. ಯಂತ್ರ ಕೆಟ್ಟರ ಅಷ್ಟ ನನ್ನ ಹೆಸರು ಹಿಡದು ಕರೀತಾರ್ರಿ."

"ಇಷ್ಟಕ್ಕ ಜೇಲ್ ಬ್ಯಾಡ್ರಿ ಮೇಡಮ್ಮರ," ತೋಟಪ್ಪ ಮೆತ್ತಗಾದ. "ಬುದ್ಧಿ ಹೇಳಿ ಬಿಡ್ರಿ."

ಹೊಸ್ತಿಲಲ್ಲಿ ಕುಳಿತಿದ್ದ ಅಡಿವೆವ್ವ ತಲೆ ಎತ್ತಿದಳು. "ನನ್ನ ಮಗ ಎರಡನೇ ಸಲ ಸತ್ತ, ಯಪ್ಪಾ. ಬುದ್ಧಿ ಹೇಳಿದ್ರ ಬರ್ತಾನೇನು?"

ಪ್ರಣೀತಾ ಎದ್ದರು. ಜಯಂತನೂ ಎದ್ದು, ಅವರ ಹಿಂದೆ ಹೋಗಿ ಜೀಪು ಹತ್ತಿದ.

ತೋಟಪ್ಪ ಗಂಟಲು ಸರಿಮಾಡಿಕೊಂಡ. "ಶಾಂಭವಿ, ಬುತ್ತಿ ಬಿಚ್ಚವಾ." ತಪ್ಪಾಯಿತು ಎನ್ನುವುದಕ್ಕೆ ಅವನಲ್ಲಿದ್ದ ಮಾತು ಅಷ್ಟೇ.

ರೂಢಿಯಂತೆ ಅವಳ ಕೈ ಮೊದಲು ಜಯಂತನ ಪಾಲು ತೆಗೆದಿಟ್ಟಿತು. ರೊಟ್ಟಿಯೊಳಗೆ ಶೇಂಗಾ ಹಿಂಡಿ ಮಡಿಸಿ, ಜೀಪಿನವರೆಗೆ ಹೋಗಿ, ಅವನ ಕೈಗಿಟ್ಟಳು.

ಅವನು ಅದನ್ನು ತಿನ್ನಲಿಲ್ಲ. ಮುಂದೆ ಕುಳಿತ ಪ್ರಣೀತಾರನ್ನು ಮೆಲ್ಲಗೆ ಕೇಳಿದ:

"ಮೇಡಮ್ಮರ, ಜೇಲಿನ್ಯಾಗ ಎಲ್ಲಾರೂ ಕೂಡಿ ಉಣ್ತಾರೇನ್ರಿ?"