ಭೇರ್ಯದ ಹೆಣ್ಣುಗಳು ಕಾಣೆ

ಬೆಳಿಗ್ಗೆ ಸುಧಾ ಕಂಪ್ಯೂಟರ್ ಹಾಕಿದಾಗ ಭೇರ್ಯದ ಕಡೆಯ ಹೆಣ್ಣುಗಳು ಒಬ್ಬರೂ ಇರಲಿಲ್ಲ. ಹೆಸರಿಲ್ಲ, ನಕ್ಷತ್ರವಿಲ್ಲ, ಊರಿಲ್ಲ. ಕೆ.ಆರ್. ನಗರದ ಅವಳ ವಧೂವರರ ಕೇಂದ್ರದಲ್ಲಿ ಗಂಡುಗಳು ಮಾತ್ರ ಭದ್ರವಾಗಿದ್ದರು.

"ಆ ಪಟ್ಟೀನ ಯಾರಿಗೆ ಮಾರಿಕೊಂಡೆ?"

ಟೈಪು ಮಾಡುವ ಸುಕನ್ಯಳನ್ನು ಅವಳು ಕೇಳಿದ್ದು ಜಾತಕ ಹಿಡಿದು ಬಂದಿದ್ದವರೆಲ್ಲರ ಎದುರಿಗೆ. ಹುಡುಗಿ ಅಳುತ್ತಾ ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತಳು. ಸುದ್ದಿ ತಿಳಿದು ಹುಡುಗಿಯ ತಾಯಿ ಪುಟ್ಟಮಾದಮ್ಮ ಓಡಿಬಂದಳು.

ಮಧ್ಯಾಹ್ನ ಸುಧಾಳ ಚಿಕ್ಕಮ್ಮನ ಮಗ ವಸಂತ್ ಬಂದ. ಹೆಣ್ಣುಗಂಡುಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಿ ಈ ಡೇಟಾಬೇಸ್ ಮಾಡಿಕೊಟ್ಟವನು ಅವನೇ.

"ಸುಧಕ್ಕ, ಮಾರೋರು ನಕಲು ಮಾಡ್ಕೊಂಡು ಹೋಗ್ತಾರೆ. ಅಳಿಸೋದ್ಯಾಕೆ?"

"ನಂಗೇನು ಗೊತ್ತು?"

"ಭೇರ್ಯದ ಗಂಡುಗಳು ಹೋಗಿಲ್ಲವಲ್ಲ—ಯಾಕೆ?"

"ಗಂಡುಗಳನ್ನ ಅವರವರ ಹೆಸರಲ್ಲೇ ಬರೆದಿದ್ದೀನಿ. ಹೆಣ್ಣುಗಳು ಹಿರಿಯರ ಕೆಳಗೆ. ಹಂಗೇ ಅಲ್ವಾ ಪದ್ಧತಿ?"

"ಭೇರ್ಯದವರಿಗೆ ಹಿರಿಯರು ಯಾರು?"

"ಗೋವಿಂದಯ್ಯನವರು. ಆ ಕಡೆ ಹೆಣ್ಣುಗಳೆಲ್ಲ ಅವರ ಮೂಲಕವೇ ಬಂದಿದ್ದು. ಪಾಪ, ಹೋದ ವಾರ ತೀರಿಕೊಂಡ್ರು."

"ಅವರ ಹೆಸರೂ ಕಾಣ್ತಿಲ್ಲ."

"ನಿನ್ನೆ ನಾನೇ ತೆಗೆದೆ ಕಣೋ. ಮದುವೆ ಕೆಲಸದಲ್ಲಿ ಸತ್ತವರ ಹೆಸರು ಇರಬಾರದು."

ವಸಂತ್ ಕುರ್ಚಿಗೆ ಒರಗಿದ.

"ಆಗ ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೋ ಕೇಳಿತಾ?"

"ಕೇಳ್ತು... ಹೂಂ ಅಂತ ಒತ್ತಿದೆ."

"ಮೊದಲು ನೀನು ಒಂದು ಹೆಣ್ಣಿಗೆ ಒಂದು ಕವರು ಇಡ್ತಿದ್ದೆ. ಫೋಟೋ, ಜಾತಕ, ಹಿರಿಯರ ವಿಳಾಸ ಎಲ್ಲಾ ಅದರೊಳಗೇ. ಒಂದನ್ನ ಹರಿದರೆ ಇನ್ನೊಂದಕ್ಕೆ ಏನೂ ಆಗ್ತಿರಲಿಲ್ಲ. ಕಂಪ್ಯೂಟರಿನಲ್ಲೂ ಹಂಗೆ ಇಡಬಹುದು. ಇದು ಬೇರೆ ಥರ. ಹಿರಿಯರದು ಒಂದು ಟೇಬಲ್, ಅಂದ್ರೆ ಪಟ್ಟಿ, ಹೆಣ್ಣುಗಳದು ಒಂದು, ನಡುವೆ ನಂಬರಿನ ನಂಟು. ವಿಳಾಸ ಒಂದೇ ಸಲ ಬರೆದರೆ ಸಾಕು, ಅದರ ಸುಖ. ಆದರೆ ಮೇಲಿನವರನ್ನ ತೆಗೆದರೆ ಅವರಿಗೆ ಅಂಟಿಕೊಂಡವರೂ ಹೋಗ್ತಾರೆ. ಹೋಗಲಾ ಅಂತ ಅದು ಕೇಳಿದೆ. ಹೂಂ ಅಂದವಳು ನೀನು."

ಸುಧಾ ಜಗಲಿಯ ಕಡೆ ತಿರುಗಿದಳು.

"ಫ್ಲಾಪಿಯಲ್ಲಿ ಹಳೇ ಪ್ರತಿ ಇದೆ, ಹೆಣ್ಣುಗಳನ್ನ ನಾನು ವಾಪಸ್ ತರ್ತೀನಿ" ಎಂದ ವಸಂತ್. ಬಾಗಿಲ ಕಡೆ ನೋಡಿದ. "ಉಳಿದದ್ದು ನಿಂದು."

ಅವಳು ಹೊರಗೆ ಬಂದಳು. ಸುಕನ್ಯಳ ಪಕ್ಕದಲ್ಲಿ ತಾಯಿಯೂ ಕುಳಿತಿದ್ದಳು.

"ಸುಕನ್ಯ ಏನೂ ಮಾಡಿಲ್ಲಮ್ಮ. ಅಳಿಸಿದ್ದು ನಾನು."

"ನಂಗ್ಯಾಕವ್ವ ಯೋಳ್ತೀಯ?" ಎಂದಳು ಪುಟ್ಟಮಾದಮ್ಮ. "ನನ್ ಮಗ್ಳು ಮಾರವ್ಳೆ ಅಂತ ನಾನು ನಂಬಿದ್ರೆ ತಾನೆ? ಬೆಳಿಗ್ಗೆ ಇಲ್ಲಿ ನಿಂತ್ಕಂಡು ಕೇಳುಸ್ಕಂಡ್ರಲ್ಲ, ಅವ್ರಿಗೆ ಯೋಳು. ನಾಳಿಕ್ಕೆ ಇವಳ್ಗೂ ಗಂಡು ನೋಡ್ಬೇಕು."

ಅವರೆಲ್ಲ ಆಗಲೇ ಬಸ್ಸು ಹತ್ತಿ ತಂತಮ್ಮ ಊರು ಸೇರಿದ್ದರು.

ಸುಧಾ ಚಪ್ಪಲಿ ಮೆಟ್ಟಿದಳು. ಮೊದಲು ಭೇರ್ಯ.