ಎರಡೇ ಸೆಕೆಂಡ್ ಕಾಯುವ ಟೆಸ್ಟ್

ಇಪ್ಪತ್ತೊಂದನೆಯ ಸಲ ಓಡಿಸಿದಾಗ ಮತ್ತೆ ಕೆಂಪು, ಅಂದರೆ ಫೇಲ್!

ಅವಳು ಮತ್ತೆ ಗುಂಡಿ ಒತ್ತಿದಳು. ಈ ಸಲ ಹಸಿರು, ಪಾಸ್. ಅದೇ ಟೆಸ್ಟ್, ಅದೇ ಕಂಪ್ಯೂಟರ್... ಒಂದಕ್ಷರವೂ ಬದಲಾಗಿರಲಿಲ್ಲ.

ಆಸ್ಪತ್ರೆಗಳ ಔಷಧಿ ದಾಖಲೆ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಡೇಟಾಬೇಸ್ ಜೊತೆಗಿನ ಸಂಪರ್ಕವನ್ನು ಬೇಕೆಂದೇ ಕಡಿದು, ಅದು ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆಯೇ ಎಂದು ನೋಡುವ ಟೆಸ್ಟನ್ನು ಅವಳೇ ಬರೆದಿದ್ದಳು. ಈಗ ಅದರ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಕೆಂಪು ಬಂದರೆ 'ಇನ್ನೊಂದ್ಸಲ ಒತ್ತು, ಸರಿಹೋಗುತ್ತೆ' ಎನ್ನುವುದು ಆಫೀಸಿನ ಅಭ್ಯಾಸವಾಗಿಬಿಟ್ಟಿತ್ತು. ಸಂಜೆಯೊಳಗೆ ಸರಿಯಾಗದಿದ್ದರೆ ಕಿತ್ತುಹಾಕಿ ಎಂದಿದ್ದರು ಮ್ಯಾನೇಜರ್.

ಕಿತ್ತರೆ ತಾನೂ ಇಲ್ಲಿರುವುದಿಲ್ಲ! ಬೇರೆ ವಿಭಾಗಕ್ಕೆ ವರ್ಗ ಕೇಳುವ ಪತ್ರ ಬರೆದಿಟ್ಟಾಗಿತ್ತು, ಕಳಿಸುವುದೊಂದೇ ಬಾಕಿ.

ಎಲ್ಲ ಆ ಡೇಟಾಬೇಸ್ ನೋಡಿಕೊಳ್ಳುವ ಹೊಸಬನಿಂದ. ಬಂದ ಮೊದಲ ದಿನವೇ, ತುಂಬಿದ ಮೀಟಿಂಗಿನಲ್ಲಿ, "ಇವರ ಟೆಸ್ಟೇ ತಪ್ಪು ಹೇಳ್ತಿದೆ" ಎಂದಿದ್ದ. ಅವಳು ಎದ್ದು ಹೊರಟುಹೋಗಿದ್ದಳು. ಹದಿನೈದು ದಿನವಾಯಿತು, ಮಾತಿಲ್ಲ.

"ಮೇಡಂ, ಒಂದು ನಿಮಿಷ..."

ಅವನೇ! ಕೈಯಲ್ಲೊಂದು ಹಾಳೆ.

"ಇನ್ನೂರು ಸಲ ಓಡಿಸಿ ನೋಡ್ದೆ. ಸಂಪರ್ಕ ಕಡಿದ್ಮೇಲೆ ನಿಮ್ಮ ಟೆಸ್ಟ್ ಎರಡು ಸೆಕೆಂಡ್ ಕಾಯುತ್ತೆ, ಆಮೇಲೆ ತೀರ್ಪು ಕೊಟ್ಬಿಡುತ್ತೆ. ಕೆಲವು ಸಲ ಸಂಪರ್ಕ ವಾಪಸ್ ಬರೋಕೆ ಮೂರು ಸೆಕೆಂಡ್ ಬೇಕು."

ಅವಳ ಮುಖ ಬಿಸಿಯಾಯಿತು. ಆ ಎರಡನ್ನು ಅವಳು ಬರೀ ಅಂದಾಜಿನ ಮೇಲೆ ಬರೆದಿದ್ದಳು.

"ಹಾಗಾದ್ರೆ ಹತ್ತು ಮಾಡ್ಲಾ?"

"ಬೇಡ. ಬಂತಾ, ಬಂತಾ ಅಂತ ಕೇಳ್ತಾ ಇರ್ಲಿ. ಬಂದ ತಕ್ಷಣ ಮುಂದೆ ಹೋಗ್ಲಿ. ಮೂವತ್ತು ಸೆಕೆಂಡ್ ಆದ್ರೂ ಬರ್ಲಿಲ್ಲ ಅಂದ್ರೆ ಮಾತ್ರ ಕೆಂಪು."

ಇಬ್ಬರೂ ಕೂತು ಬದಲಿಸಿದರು. ನೂರು ಸಲ ಓಡಿಸಿದರು. ನೂರೂ ಹಸಿರು! ನಿಜವಾದ ತಪ್ಪನ್ನು ಹಿಡಿಯುತ್ತದೆಯೇ ನೋಡಲು, ಸಾಫ್ಟ್‌ವೇರ್‌ನಿಂದ ಸಂಪರ್ಕ ಮತ್ತೆ ಕೂಡಿಸುವ ಸಾಲನ್ನೇ ತೆಗೆದು ಓಡಿಸಿದರೆ, ಪ್ರತಿ ಸಲವೂ ಕೆಂಪು.

"ಇನ್ನು ಇದನ್ನ ಯಾರೂ ಕೀಳಲ್ಲ," ಎಂದ ಅವನು.

"ಅವತ್ತೇ ಹೇಳಬಹುದಿತ್ತಲ್ಲ?"

"ಹೇಳ್ತಾನೇ ಇದ್ದೆ. ನೀವು ಅರ್ಧಕ್ಕೇ ಎದ್ದುಹೋದ್ರಿ."

"ಉಳಿದರ್ಧ ಏನಿತ್ತು?"

"ಟೆಸ್ಟ್ ತಪ್ಪು ಹೇಳ್ತಿದೆ, ಆದ್ರೆ ಇಂಥದ್ದೊಂದು ಬೇಕು ಅಂತ ಹೊಳೆದಿದ್ದು ಇವರೊಬ್ಬರಿಗೇ... ಅಂತ."

ಹದಿನೈದು ದಿನ... ಅರ್ಧ ಮಾತಿಗೆ!

"ನಾಳೆ... ಊಟಕ್ಕೆ ಒಟ್ಟಿಗೆ ಕೂರೋಣ್ವಾ?" ಅವನು ಕೇಳಿದ.

ಅವಳು ಪರದೆಯ ಕಡೆ ತಿರುಗಿ ಹಸಿರು ಸಾಲುಗಳನ್ನು ಮತ್ತೆ ಎಣಿಸತೊಡಗಿದಳು.

"ಪರವಾಗಿಲ್ಲ ಬಿಡಿ," ಅವನು ಎದ್ದೇಬಿಟ್ಟ.

"ರೀ! ನೀವೂ ಎರಡೇ ಸೆಕೆಂಡ್ ಕಾಯೋದಾ?"

ಅವನು ಮೆಲ್ಲಗೆ ಮತ್ತೆ ಕುಳಿತ. "ಇಲ್ಲ... ಮೂವತ್ತು ಕಾಯ್ತೀನಿ."

"ಅಷ್ಟು ಬೇಕಾಗಲ್ಲ. ಒಂದು ಗಂಟೆಗೆ ಬನ್ನಿ."

ಅವನು ಹೋದ ಮೇಲೆ ಅವಳು ವರ್ಗದ ಪತ್ರ ತೆರೆದಳು. ಒಮ್ಮೆ ಪೂರ್ತಿ ಓದಿದಳು. ಅಳಿಸಿದಳು.

"ಏನೇ, ಒಬ್ಬಳೇ ನಗ್ತಿದ್ದೀಯ?" ಪಕ್ಕದ ಮೇಜಿನ ಅಕ್ಕ ಇಣುಕಿದಳು.

"ಏನಿಲ್ಲಕ್ಕ... ಟೆಸ್ಟ್ ಪಾಸಾಯ್ತು."