ಕ್ಯಾಮೆರಾ ಚೀಲದಲ್ಲಿ ಶೇಂಗಾ ಹೋಳಿಗೆ

"ಅಪ್ಪಾ, ಐದು ಮಿನಿಟು ಅಂತ ಹೇಳಿದ್ದಿ. ಈಗ ಮೂವತ್ತೈದು ಮಿನಿಟಾತು." ಮೈತ್ರೇಯಿ ಗೋಡೆ ಗಡಿಯಾರದ ಕಡೆ ಬೆರಳು ಮಾಡಿದಳು.

ಅಪ್ಪ ಕಣ್ಣಲ್ಲೇ ಸುಮ್ಮನಿರು ಎಂದ. ಅಷ್ಟರಲ್ಲಿ ಅಡುಗೆಮನೆಯಿಂದ ಅಪ್ಪನ ತಂಗಿ ಆರತಿ ಅತ್ಯಾನ ದನಿ ಬಂತು. "ಬರೇ ಉಪ್ಪಿಟ್ಟು ಮಾಡೇನಿ. ಅದನ್ನೂ ತಿನ್ನದ ಹೋಗ್ತೀರೇನು?"

ಬರೇ ಉಪ್ಪಿಟ್ಟಂತೆ! ಆಗಲೇ ಮಿರ್ಚಿ ಕರಿಯುವ ವಾಸನೆ ಹೊರಗಿನವರೆಗೂ ಬಂದಿತ್ತು. ಮೈತ್ರೇಯಿಗೆ ಅಳು ಬರುವಷ್ಟು ಸಿಟ್ಟು ಬಂತು.

ಧಾರವಾಡದಿಂದ ಅವರು ಹೊರಟಿದ್ದು ಅಣಶಿಯ ಕಾಡಿಗೆ. ಸಫಾರಿ ಜೀಪು ಮೂರೂವರೆಗೆ ಬಿಡುತ್ತದೆ, ಯಾರಿಗೂ ಕಾಯುವುದಿಲ್ಲ. ಸೋಮವಾರ ಶಾಲೆಯಲ್ಲಿ ಕಾಡುಪ್ರಾಣಿಗಳ ಫೋಟೋ ಪ್ರದರ್ಶನವಿತ್ತು. ಕಾಡೆಮ್ಮೆಯ ಕಣ್ಣಿನ ಕ್ಲೋಸಪ್ ತರುತ್ತೇನೆ ಎಂದು ಮೈತ್ರೇಯಿ ಇಡೀ ಕ್ಲಾಸಿಗೆ ಹೇಳಿಕೊಂಡು ಬಂದಿದ್ದಳು. "ನೋಡೋಣಂತ," ಎಂದು ಗೆಳತಿ ಚಿನ್ಮಯೀ ಮೂಗು ಮುರಿದಿದ್ದಳು.

ಆದರೆ ದಾರಿಯಲ್ಲಿ ಹಳಿಯಾಳ ಬರುತ್ತದೆ. ಹಳಿಯಾಳದಲ್ಲಿ ಅತ್ಯಾನ ಮನೆ ಬರುತ್ತದೆ. ಮಗಳ ಮನೆ ಮುಂದೆ ಹಾಯ್ದು ಹೋಗಿ ಒಳಗೆ ಕಾಲಿಡದಿದ್ದರೆ ಹೇಗೆ ಎಂದು ಅಜ್ಜಿ ಗೋದಾಬಾಯಿ ಗಾಡಿ ನಿಲ್ಲಿಸಿದ್ದಳು.

"ಮೈತ್ರೇಯಿ, ಗಾಡ್ಯಾಗಿನ ಕರೀ ಚೀಲ ತಗೊಂಬಾ," ಎಂದಳು ಅಜ್ಜಿ. "ಮಗಳ ಮನಿಗೆ ಬರಿಗೈಲೆ ಬಂದಂಗ ಆತು."

"ಅದು ಕ್ಯಾಮೆರಾ ಚೀಲ, ಅಜ್ಜಿ."

"ಹೌದು, ಅದ. ತಗೊಂಬಾ."

ಚೀಲದ ಜಿಪ್ ತೆಗೆದರೆ ಕ್ಯಾಮೆರಾ ಅದರ ಜಾಗದಲ್ಲೇ ಇತ್ತು. ಜೂಮ್ ಲೆನ್ಸಿನ ಜಾಗದಲ್ಲಿ ಮಾತ್ರ ಒಂದು ಸ್ಟೀಲ್ ಡಬ್ಬಿ ಕೂತಿತ್ತು. ಅಜ್ಜಿ ಅದರ ಮುಚ್ಚಳ ತೆಗೆದು ಅತ್ಯಾನಿಗೆ ತೋರಿಸಿದಳು. "ನೋಡು, ಶೇಂಗಾ ಹೋಳಿಗಿ ಒಂದೂ ಮುರದಿಲ್ಲ. ಈ ಚೀಲದಾಗ ಸುತ್ತಲೂ ಗಾದಿ ಹಾಸಿದಂಗ ಮೆತ್ತಗ ಅದ."

"ಜೂಮ್ ಲೆನ್ಸ್ ಎಲ್ಲಿ ಅಜ್ಜಿ?"

"ಆ ಕರೀ ನಳಗಿಯೇನು? ಮನ್ಯಾಗ ಕಪಾಟಿನ್ಯಾಗ ಜ್ವಾಕಿಯಿಂದ ಇಟ್ಟೇನಿ."

ಧಾರವಾಡಕ್ಕೆ ಹೋಗಿ ತರುವಷ್ಟು ಹೊತ್ತಿರಲಿಲ್ಲ. ಮೈತ್ರೇಯಿ ಡಬ್ಬಿಯನ್ನು ಆಚೆ ನೂಕಿದಳು. "ನಿನ್ನಿಂದ ಎಲ್ಲಾ ಹಾಳಾತು!"

"ಯಾರನ್ನರ ಒಂದು ಮಾತು ಕೇಳಬೇಕೋ ಬ್ಯಾಡೋ ಅವ್ವಾ?" ಎಂದ ಅಪ್ಪ. ಅವನ ದನಿಯಲ್ಲೂ ಬೇಸರವಿತ್ತು.

ಅಜ್ಜಿ ಮೈತ್ರೇಯಿಯನ್ನು ಒಂದು ಸಲ ನೋಡಿದಳು. ಆಮೇಲೆ ಬಗ್ಗಿ ಡಬ್ಬಿಯ ಮುಚ್ಚಳ ಹಾಕತೊಡಗಿದಳು. "ತಪ್ಪಾತಪಾ," ಎಂದಳು.

ಗಾಡಿ ಮತ್ತೆ ಹೊರಟಿತು. ಮೈತ್ರೇಯಿ ಫೋನಿನಲ್ಲಿ ಮುಖ ಹುದುಗಿಸಿ ಕೂತಳು. ಪಕ್ಕದಲ್ಲಿ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

"ಧೂಳ ಬರಲಿಕ್ಕೆ ಹತ್ತೇದ. ಕಿಡಕಿ ಏರಸಲೇನು?"

ಮೈತ್ರೇಯಿ ಸ್ಕ್ರೀನಿನ ಮೇಲೆ ಬೆರಳು ಸರಿಸಿದಳು.

"ಮೈತ್ರೇಯಿ, ಏರಸಲೇನು?"

"ಹೂಂ," ಎಂದಳು ಮೈತ್ರೇಯಿ, ಫೋನಿನಿಂದ ತಲೆ ಎತ್ತದೆ.

ಎಂದವಳೇ ತಟ್ಟನೆ ಬೆಚ್ಚಿದಳು. ಬೆರಳು ಫೋನಿನ ಮೇಲೆ ಹಾಗೇ ಉಳಿಯಿತು.

ಬೆಳಿಗ್ಗೆಯೂ ಹೀಗೇ ಆಗಿತ್ತು. ಅವಳು ಸೋಫಾದ ಮೇಲೆ ಬಿದ್ದುಕೊಂಡು ಹುಲಿಯ ವಿಡಿಯೋ ನೋಡುತ್ತಿದ್ದಳು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. "ಈ ಕರೀ ನಳಗಿ ತಗದಿಡಲೇನು? ಮೈತ್ರೇಯಿ, ತಗದಿಡಲೇನು?" ಅಜ್ಜಿ ಯಾವುದನ್ನೇ ಆಗಲಿ ಎರಡು ಸಲ ಕೇಳುತ್ತಾಳೆ.

"ಹೂಂ, ತಗೀ." ಹಾಗೆ ಹೇಳಿದ್ದು ಮೈತ್ರೇಯಿಯೇ.

ಮೈತ್ರೇಯಿ ಫೋನು ಕೆಳಗಿಟ್ಟಳು. ಅಜ್ಜಿಗೆ ಅದು ನೆನಪಿತ್ತು. ಅತ್ಯಾನ ಮನೆಯಲ್ಲಿ ನೋಡಿದ ಆ ನೋಟದಲ್ಲೇ ಇತ್ತು. ಆದರೂ ಬೈಗುಳ ತಾನೇ ನುಂಗಿಕೊಂಡಿದ್ದಳು.

ಓಡೋಡಿ ಅವರು ಜೀಪು ಹತ್ತಿದಾಗ ಮೂರೂವರೆಗೆ ಎರಡು ನಿಮಿಷವಿತ್ತು. ಮುಂದೆ ಡ್ರೈವರ್ ಪಕ್ಕದಲ್ಲಿ ಅಪ್ಪ ಕೂತ. ಹಿಂದೆ ಅಜ್ಜಿ ಕ್ಯಾಮೆರಾ ಚೀಲದಿಂದ ಆದಷ್ಟು ದೂರ ಸರಿದು, ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

"ಅವ್ವಾ, ಇನ್ನ ಮ್ಯಾಲೆ ಆ ಚೀಲಕ್ಕ ಕೈ ಹಚ್ಚಬ್ಯಾಡ," ಎಂದ ಅಪ್ಪ, ತಿರುಗಿ ನೋಡದೆ.

"ಇಲ್ಲಪಾ, ಹಚ್ಚೂದಿಲ್ಲ."

ಮೈತ್ರೇಯಿ ಮುಂದಿನ ಸೀಟಿನತ್ತ ಬಗ್ಗಿದಳು. "ಅಪ್ಪಾ," ಎಂದಳು. "ಅಜ್ಜಿ ನನ್ನ ಕೇಳಿದ್ಲು. ಎರಡು ಸಲ ಕೇಳಿದ್ಲು. ನಾನಽ ಹೂಂ ಅಂದಿದ್ದೆ."

ಅಪ್ಪ ಈಗ ತಿರುಗಿ ನೋಡಿದ. ಮೈತ್ರೇಯಿಯನ್ನಲ್ಲ, ಅಜ್ಜಿಯನ್ನು. ಏನೋ ಹೇಳಬೇಕೆನ್ನುವಷ್ಟರಲ್ಲಿ ಡ್ರೈವರ್ ಜೀಪು ನಿಲ್ಲಿಸಿ ಪಿಸುಗುಟ್ಟಿದ. "ಕಾಡೆಮ್ಮಿ. ಬಲಕ್ಕ ನೋಡ್ರಿ."

ದೂರದ ಹುಲ್ಲಿನಲ್ಲಿ ದೊಡ್ಡದೊಂದು ಕಾಡೆಮ್ಮೆ ನಿಂತಿತ್ತು. ಮೈತ್ರೇಯಿ ಸಣ್ಣ ಲೆನ್ಸಿನಲ್ಲೇ ಕ್ಲಿಕ್ ಮಾಡಿದಳು. ಫೋಟೋದಲ್ಲಿ ಕಂಡಿದ್ದು ಹಸಿರು, ಹಸಿರು, ನಡುವೆ ಸಾಸಿವೆಯಷ್ಟು ಒಂದು ಕಪ್ಪು ಚುಕ್ಕೆ. ಕಣ್ಣಂತೂ ದೂರದ ಮಾತು. ಚಿನ್ಮಯೀ ಬಿದ್ದು ಬಿದ್ದು ನಗುತ್ತಾಳೆ. ಮೈತ್ರೇಯಿ ಮತ್ತೆ ಮತ್ತೆ ಕ್ಲಿಕ್ ಮಾಡಿದಳು.

"ಫೋಟೋ ಬಂತೇನು?" ಅಜ್ಜಿ ಮೆಲ್ಲಗೆ ಕೇಳಿದಳು.

ಕಾಡೆಮ್ಮೆ ಆಗಲೇ ಮರಗಳತ್ತ ಹೆಜ್ಜೆ ಹಾಕುತ್ತಿತ್ತು. ಇನ್ನೊಂದು ಕ್ಲಿಕ್ಕಿಗೆ ಸಮಯವಿತ್ತು.

ಮೈತ್ರೇಯಿ ಕ್ಯಾಮೆರಾ ಕೆಳಗಿಟ್ಟಳು. ಅಜ್ಜಿ ಎರಡನೇ ಸಲ ಕೇಳುವ ಮೊದಲೇ ಪೂರ್ತಿ ಅವಳ ಕಡೆ ತಿರುಗಿ, ಮುಖ ನೋಡಿ ಹೇಳಿದಳು.

"ಬಂತು ಅಜ್ಜಿ. ಸಣ್ಣದು ಬಂತು. ಬಾ, ತೋರಸ್ತೇನಿ."